ಬುಧವಾರದ ಕತ್ತರಿ

ಅಂಗಡಿಯವ ಹೇಳಿದ ಹೆಸರು ನಾಲಗೆಗೆ ಹತ್ತಲಿಲ್ಲ,
ನಾವು ಸೊಪ್ಪು ಅಂತಲೇ ಕರೆಯುತ್ತೇವೆ.
ಹದಿನೈದು ದಿನ ಬಿಟ್ಟರೆ ಸಾಕು,
ಗಾಜಿನ ಮುಚ್ಚಳಕ್ಕೆ ತಲೆ ತಾಗಿ, ಬಾಗಿ,
ಮೀನನ್ನೇ ಮರೆಮಾಡುತ್ತದೆ.

ಪೆನ್ಷನ್ ಮೊಹಲ್ಲಾದ ಹಲ್ಲಿನ ಆಸ್ಪತ್ರೆ;
ಬುಧವಾರ, ಡಾಕ್ಟರು ಬರುವ ಮುಂಚೆ
ತೋಳು ಮಡಚಿ, ಬಳೆ ತೆಗೆದಿಟ್ಟು,
ಹೊಲಿಗೆ ಬಿಚ್ಚಿ ಬಿಚ್ಚಿ ಮೊಂಡಾದ ಸೊಟ್ಟ ಕತ್ತರಿ ಹಿಡಿದು
ಮೊಣಕೈವರೆಗೆ ನೀರಿಗಿಳಿಯುತ್ತೇನೆ.

ಗೆಣ್ಣಿನ ಮೇಲೆ ಕಚಕ್.
ಕೊಯ್ದ ತುದಿಯನ್ನು ಚಿಮುಟದಲ್ಲಿ ಮತ್ತೆ ಮರಳಿಗೂರಬೇಕು;
ಬೇರಿನ ವಿಷಯ ಅದೇ ನೋಡಿಕೊಳ್ಳುತ್ತದೆ.

ಕೆನ್ನೆ ಊದಿಸಿಕೊಂಡು ಕೂತಿದ್ದ ಆಲೂರಿನ ಹುಡುಗ
ಬಾಯಿಂದ ಕರ್ಚೀಫು ತೆಗೆದು ಕೇಳಿದ:
‘ಅದಕ್ಕೆ ನೋಯಲ್ವಾ ಅಕ್ಕ?’

ಗೊತ್ತಿಲ್ಲ ಕಣೋ.

ಕತ್ತರಿಸಿದ ಕಡೆಯಿಂದ
ಸಾಸಿವೆಯಷ್ಟು ಗುಳ್ಳೆ, ಒಂದರ ಹಿಂದೊಂದು,
ಮೇಲಕ್ಕೆ ಹೋಗುತ್ತಲೇ ಇದ್ದವು.
ಅವನು ಎಣಿಸತೊಡಗಿದ.
ಎಂಬತ್ತಕ್ಕೆ ಬಂದಾಗ
ಒಳಗಿಂದ ಬೆಲ್ಲಾಯಿತು.