ಒಂದು ಗೇಣು ಕಡಿಮಿ

ಕುಂದ್ರು ಜರೀನಾ. ಆ ಡ್ರಮ್ಮಿನ ಮ್ಯಾಲ ಬ್ಯಾಡ, ತೂತು ಅದು,
ಹಗ್ಗದ ಸಿಂಬಿ ಮ್ಯಾಲ ಕುಂದ್ರು.
ಏ ಮಾರುತೇಶ, ನೀನೂ ಬಾ.
ಕಾಲು ನಡುವ ಇಡು, ಅಂಚಿಗೆ ಇಡಬ್ಯಾಡ.
ಇದ ಮೊದಲನೇ ಪಾಠ. ರೊಕ್ಕದ ಮಾತು ಆಮ್ಯಾಲ.

ಡ್ಯಾಮಿನೋರು ಲಿಲಾವಿನಾಗ ಮಾರಿದ ಹಳೇ ಕಬ್ಬಿಣದ ದೋಣಿ ಇದು.
ನಮ್ಮ ಯಂಕೋಬ ಮ್ಯಾಲ ನಾಕು ತಗಡು ಹೊಚ್ಚಿ
ಮನಿ ಅಂದ. ನಾನೂ ಅಂದೆ.
ಇಪ್ಪತ್ತಾರು ವರ್ಷ ಅಂದೆ.

ಚಂದ ಕಾಣತೈತಿ ಅಂತೀರಿ.
ಸಂಜಿಮುಂದ ಬಂದೀರಿ, ಅದಕ್ಕ.
ಆಷಾಢದಾಗ ಬರಬೇಕಿತ್ತು.
ಪಡುವಣ ಗಾಳಿಗೆ ತಗಡು ರಾತ್ರಿಯೆಲ್ಲ ಮಾತಾಡತೈತಿ,
ಮೂರು ಲಂಗರು ಹಾಕಿ ಮಕ್ಕೊಂಡ್ರೂ
ಮುಂಜಾನೆ ಎದ್ದು ನೋಡಿದ್ರ
ಬಾಗಲ ಮುಂದ ಬ್ಯಾರೆ ಗುಡ್ಡ ನಿಂತಿರತೈತಿ.
ಅಲಿ ಎದ್ದ ದಿನ ರೊಟ್ಟಿ ದುಂಡಗ ಬರಂಗಿಲ್ಲ.
ಮಾರುತೇಶ, ಬೈಬ್ಯಾಡ. ಬೇಕಾದ್ರ ನೀ ಬಡಿ.

ಸುತ್ತ ನೀರು,
ಕುಡ್ಯಾಕ ಮಾತ್ರ ಮುನಿರಾಬಾದಿನಿಂದ ಕ್ಯಾನು ಹೊರಬೇಕು.
ಒಂದೊಂದು ವರ್ಷ ಹಿನ್ನೀರೆಲ್ಲ ಹಸಿರು ಪಾಚಿ,
ಮುಖ ತೊಳದ್ರ ತುರಿಕಿ.
ಇನ್ನೊಂದು, ನಾಚಿಕಿ ಬಿಟ್ಟು ಕೇಳ್ರಿ:
ಸಂಡಾಸಕ್ಕ ದಂಡಿಗೇ ಹೋಗಬೇಕು.
ದಂಡಿ ದಿನಾ ಒಂದ ಕಡೆ ಇರಂಗಿಲ್ಲ.

ರೇಶನ್ ಕಾರ್ಡಿನ ಸಾಹೇಬ ಮನಿ ನಂಬರ್ ಕೇಳಿದ.
ನೀರಾಗೈತಿ ಅಂದೆ.
ಎಷ್ಟನೇ ನೀರು ಅಂದ.
ಕಡೀಕ ಮೀನಿನ ಲೈಸನ್ಸಿನ ನಂಬರ್ ಬರಕೊಂಡ,
ಹನ್ನೊಂದು ವರ್ಷ ಆ ನಂಬರಿನ ಅಕ್ಕಿ ಉಂಡ್ವಿ.

ಇದನ್ನ ನಿನ್ನ ಹೊಟ್ಟಿ ಕಂಡು ಹೇಳಾಕತ್ತೀನಿ, ಯವ್ವ.
ಕೂಸಿಗೆ ಗೆಜ್ಜಿ ಹಾಕು.
ಸಪ್ಪಳ ಬರೋತನಕ ಬೈಕೋತ ರೊಟ್ಟಿ ಬಡಿ,
ಸಪ್ಪಳ ನಿಂತ್ರ ಹಿಟ್ಟಿನ ಕೈಲೇ ಓಡು.
ಸೊಂಟಕ್ಕ ಹಗ್ಗ ಕಟ್ಟು,
ಅಂಚಿಗಿಂತ ಒಂದು ಗೇಣು ಕಡಿಮಿ ಇರಲಿ.
ಕೂಸು ಬೆಳದಂಗ ಕೈ ಉದ್ದ ಆಗತಾವ,
ಹಗ್ಗ ಮತ್ತ ಅಳೀಬೇಕು.
ನಾ ಒಮ್ಮೆ ಅಳಿಯೋದು ತಡ ಮಾಡಿದ್ದೆ.

ಯಂಕೋಬ ಜಿಗಿದ.

ಆಕಿ ಈಗ ಗಂಗಾವತ್ಯಾಗ ನರ್ಸ್ ಅದಾಳ.
ಇವತ್ತಿಗೂ ಈಜು ಬರಂಗಿಲ್ಲ.

ಯಾಕ ಮಾರಾಕತ್ತೀ ಅಂತ ನೀವು ಕೇಳಲಿಲ್ಲ.
ಕೇಳಬೇಕು, ಏನ ಕೊಂಡ್ರೂ.
ತಳ ತೆಳ್ಳಗ ಆಗೈತಿ.
ಬಾಯಿ ಮುಚ್ಕೊಂಡು ಮಾರಬೋದಿತ್ತು.
ಬಾ ಇಲ್ಲೆ, ಬೆರಳು ಮಡಚಿ ಬಡಿ, ಕೇಳು:
ಇಲ್ಲಿ ತುಂಬಿದ ಕೊಡದ ಸಪ್ಪಳ,
ಈ ಮೂಲ್ಯಾಗ ಖಾಲಿ ಪರಾತಿನ ಸಪ್ಪಳ.
ಮಳಿಗಾಲಕ್ಕಿಂತ ಮೊದಲು ವೆಲ್ಡಿಂಗಿನವನ್ನ ಕರಸ್ರಿ,
ಅವನ ಕೂಲಿ ದೋಣಿ ಕಿಮ್ಮತ್ತಿನಾಗ ಮುರಕೊಳ್ರಿ.

ಊರಾಗ ಬಾಡಿಗಿ ಕೇಳಿದ್ರ
ಮೊದಲು ಇಬ್ಬರ ಹೆಸರು ಕೇಳ್ತಾರ ಅಂದ್ರಿ,
ಆಮ್ಯಾಲ ಮನಿ ಖಾಲಿ ಇಲ್ಲ ಅಂತಾರ.
ನೀರು ಹೆಸರು ಕೇಳಂಗಿಲ್ಲ, ಖರೇ.
ಆದ್ರ ಹಗ್ಗ ಕಟ್ಟೋ ಗೂಟ ದಂಡ್ಯಾಗ ಇರತೈತಿ,
ದಂಡಿ ಯಾರದರ ಹೊಲ.
ಆ ಮೂರು ಜಾಲಿ ಗಿಡ ಕಾಣತಾವಲ್ಲ, ಅಲ್ಲೆ ಕಟ್ರಿ.
ಯಾರರ ಕೇಳಿದ್ರ
ಹುಲಿಗೆವ್ವನ ಮಂದಿ ಅನ್ರಿ. ಸಾಕು.

ಬ್ಯಾಸಗ್ಯಾಗ ನೀರು ಹಿಂದ ಸರದು
ದೋಣಿ ಕೆಸರಿನ ಮ್ಯಾಲ ಕುಂದ್ರತೈತಿ,
ಒಂದು ಮಗ್ಗಲಿಗೆ ವಾಲಿ. ಅನ್ನದ ಬೋಗಾಣಿ ಜಾರತೈತಿ.
ಅಂಜಬ್ಯಾಡ್ರಿ.
ತೆಂಕಣಕ್ಕ ನೂರು ಹೆಜ್ಜಿ ಹೋಗ್ರಿ,
ಮುಳುಗಿದ ಊರಿನ ಒಂದು ಒಳ್ಳು ಮ್ಯಾಲ ಎದ್ದಿರತೈತಿ,
ಯಾರ ಅಡಗಿಮನಿದೋ.
ಎರಡು ತಿಂಗಳು ನಾ ಅದರಾಗ ಖಾರ ಅರೀತೀನಿ.
ಹೊಸ ನೀರು ಬರೋದಕ್ಕ ಮೊದಲು
ತೊಳದು, ಅರಿಶಿಣ ಹಚ್ಚಿ ಬಿಟ್ಟು ಬರತೀನಿ.
ನೀವೂ ಹಂಗ ಮಾಡ್ರಿ.
ಅದು ದೋಣಿ ಜೋಡಿ ಬರತೈತಿ, ಅದಕ್ಕ ರೊಕ್ಕ ಬ್ಯಾಡ.

ಹೂಂ, ಈಗ ಹೇಳ್ರಿ.
ಎಷ್ಟು ತಂದೀರಿ?