ಚಿಲ್ಲರಿ ಬಾಕಿ

ಗುತ್ತಲದ ಗಾಡಿಯೊಳಗ ಮೂವತ್ತೊಂದು ವರ್ಷ
ಹಿಂದಿನಿಂದ ಮುಂದ, ಮುಂದಿನಿಂದ ಹಿಂದ ನಡದಾಂವ ನಾನು.
ಎಷ್ಟು ಮೈಲಾದೀತು ಅಂತ ಡ್ರೈವರ್ ಸೋಮಯ್ಯ
ಬೀಡಿ ಪಾಕೀಟಿನ ಮ್ಯಾಲೆ ಗುಣಿಸಿ ನೋಡಿದ್ದ;
ಉತ್ತರ ಬರೂದ್ರಾಗ ಹಾವನೂರ ಬಂತು.

ರಿಟೈರ್ ಆದಮ್ಯಾಲೂ ಕಾಲು ಸುಮ್ಮನಿರಲಿಲ್ಲ.
ವಯಸ್ಸಾದವರ ನಡಗಿ ಪಂದ್ಯ ಅಂತ ಒಂದೈತಿ,
ಒಂದು ಕಾಲು ಯಾವತ್ತೂ ನೆಲ ಬಿಡಬಾರದು.
ಧಾರವಾಡದಾಗ ಗೆದ್ದೆ, ಮೈಸೂರಾಗ ಗೆದ್ದೆ,
ಮುಂದಿಂದು ಹೆಲ್ಸಿಂಕಿ ಅಂದ್ರು.
"ಬಂಕಾಪುರದ ಆಚೀಕೇನು?" ಅಂದ್ಲು ಹಜರತಬಿ.
ಡಿಪೋದವರು ಚರ್ಮದ ಚೀಲ ಬೋರಲು ಹಾಕಿ ರೊಕ್ಕ ಕೂಡಿಸಿದ್ರು,
ಕೊರಳಿಗೆ ಹಾವೇರಿ ಯಾಲಕ್ಕಿ ಹಾರ ಹಾಕಿ
ರಾತ್ರಿ ಗಾಡಿ ಹತ್ತಿಸಿದ್ರು.

ಹತ್ತೊಂಬತ್ತು ಮಂದ್ಯಾಗ ಹದಿನಾಕನೇದಾಂವಾದೆ.
ಅದನ್ನ ಬಿಡ್ರಿ.
ಮರುದಿನ ಇಡೀ ದಿನ ನಂದೇ ಇತ್ತು,
ಹಸರು ಟ್ರಾಮ್ ಹತ್ತಿ ಕುಂತೆ.

ಕಂಡಕ್ಟರ್ ಇಲ್ಲ.
ಸೀಟಿ ಇಲ್ಲ. ರೈಟ್ ರೈಟ್ ಅನ್ನಾವರಿಲ್ಲ.
ಮಂದಿ ತಾವ ಹತ್ತತಾರ, ಒಂದು ಡಬ್ಬಿಗೆ ಕಾರ್ಡು ಹಿಡಿತಾರ,
ಅದು ಗುಬ್ಬಿಮರಿಯಂಗ ಚಿಂವ್ ಅಂತೈತಿ, ಮುಗೀತು.
ಕುಂದ್ರಾಕ ಆಗಲಿಲ್ಲ, ಎದ್ದು ನಿಂತೆ.
"ಒಳಗ ಸರೀರಿ, ಬಾಗಲಾ ಬಿಡ್ರಿ" ನಾಲಿಗಿ ತುದಿಗೆ ಬಂದಿತ್ತು.
ಸರಿಯಾಕ ಯಾರದಾರ? ಒಬ್ಬರಿಗೊಬ್ಬರ ನಡುವ
ಒಂದು ಎಮ್ಮಿ ನಿಂದ್ರುವಷ್ಟು ಜಾಗಾ.
ಬಾಣಂತಿ ಇಲ್ಲ, ಕೋಳಿ ಇಲ್ಲ, ಮೆಣಸಿನಕಾಯಿ ಚೀಲ ಇಲ್ಲ,
ಮೀಸಿ ಬಂದ ಹುಡುಗಗ ಅರ್ಧಾ ಟಿಕೀಟ ಕೇಳೋ ಅವ್ವ ಇಲ್ಲ.
ಇಷ್ಟು ಖರೇದಾಗ ಗಾಡಿ ಹೆಂಗ ಓಡತೈತೋ!

ಸಮುದ್ರದ ದಂಡಿಗೆ ಸಂತಿ.
ಬೆಳ್ಳಕ್ಕಿ ಬಣ್ಣದ, ಕಾಗಿ ಗುಣದ ಹಕ್ಕಿ
ತಿನ್ನಾವರ ಕೈಯಾಗಿಂದ ಕಸಗೊಂಡು ಹೋಗತಾವ.
ಕೆಂಪು ಮಾರಿ ಮುದುಕಿ ಒಬ್ಬಾಕಿ
ಜಡಿಯಂಗ ಹೆಣದ ಬ್ರೆಡ್ಡು ಮಾರತಿದ್ಲು.
ಮುರದೆ.
ಒಳಗಿಂದ ಯಾಲಕ್ಕಿ ವಾಸನಿ.
ಹಾವೇರಿ, ಅಂದೆ ಆಕೀಗೆ. ತಲಿ ಅಲ್ಲಾಡಿಸಿದ್ಲು,
ಅದು ಬ್ರೆಡ್ಡಿನ ಹೆಸರು ಅಂತ ತಿಳದಳೋ ಏನೋ.
ಚಿಲ್ಲರಿ ಎಣಿಸಿ ಅಂಗೈಯಾಗ ಇಟ್ಲು,
ಕಡೀ ನಾಣ್ಯದ ತನಕ, ಒಂದೂ ಕಮ್ಮಿ ಇಲ್ಲದಂಗ.

ಆಗ ನೆನಪಾದಾಕಿ ನೆಗಳೂರಿನ ಫಕ್ಕೀರವ್ವ.
ಟಿಕೀಟಿನ ಹಿಂದ ಮೂರು ರೂಪಾಯಿ ಬರದು ಕೊಟ್ಟಿದ್ದೆ,
ಇಳಿಯೋ ಮುಂದ ಕೇಳು ಅಂತ.
ಕಿವಿ ಕೇಳತಿದ್ದಿಲ್ಲ ಆಕೀಗೆ. ಇಳದು ಹೋದ್ಲು.
ನಾನೂ ಸೀಟಿ ಊದಿದೆ.

ರೂಮಿಗೆ ಬಂದು ನಮಾಜಿಗೆ ಕಾದೆ.
ಮಗರಿಬ್ಬಿಗೆ ಹೊತ್ತು ಮುಳುಗಬೇಕಲ್ಲ,
ಹೊತ್ತು ಮುಳುಗವಲ್ಲದು.
ಗಡಿಯಾರದಾಗ ಒಂಬತ್ತು, ಹತ್ತು,
ಕಿಟಕ್ಯಾಗ ಗುತ್ತಲದ ಐದೂವರಿ.
ಕಡೀಕ ಸೂರ್ಯ ಕಡಲಾಗ ಒಂದು ಕಾಲು ಇಟ್ಟ,
ನಮಾಜು ಮುಗಿಸಿ ಚಾದರ ಎಳಕೊಂಡೆ.
ಕತ್ತಲಿ ಬರಲೇ ಇಲ್ಲ. ನೀಲಿ ಒಂದು ತಾಸೆರಡು ತಾಸು ಸುಳಿದಾಡಿ
ಮತ್ತ ಬೆಳಕಾತು.
ನಿದ್ದಿ ಇಲ್ಲದ ಹಾಸಿಗ್ಯಾಗ ಎದ್ದು ಕುಂತು
ಬ್ರೆಡ್ಡಿನ ರಸೀದಿ ಹಿಂದ ಬರದೆ:
ಹೆಲ್ಸಿಂಕಿ ಊರಿಂದ ಬರಬೇಕಾದ ಬಾಕಿ,
ರಾತ್ರಿ, ನಾಕು.
ಕೆಳಗ ಸಹಿ, ಬಿಲ್ಲಿ ನಂಬರು.

ಹಾವೇರಿ ಸ್ಟ್ಯಾಂಡಿನ್ಯಾಗ ಇಳಿದಾಗ ನಡುರಾತ್ರಿ ಎರಡು,
ಕರೆಂಟ್ ಹೋಗಿತ್ತು.
ನನ್ನ ಕೈ ನಂಗ ಕಾಣಲಿಲ್ಲ.
ಚಹಾದ ಅಂಗಡಿ ಮುಂದ ಮಲಗಿದ್ದ ನಾಯಿ ತುಳದೆ,
ಅದು ಬೈದಿದ್ದೂ ನಮ್ಮ ಭಾಷಾದಾಗ.
ನಾಕೂ ರಾತ್ರಿ ಒಮ್ಮೆಲೇ ಕೊಟ್ಟಂಗಾತು, ಬಡ್ಡಿ ಸಮೇತ.

ಮೂರು ದಿನ ಬಿಟ್ಟು ನೆಗಳೂರಿಗೆ ಹೊಂಟೆ,
ಕಿಸೆದಾಗ ಮೂರು ರೂಪಾಯಿ ಬ್ಯಾರೆ ಇಟ್ಟು.
ಹೊಸಾ ಹುಡುಗ ಕಂಡಕ್ಟರ್, ನನ್ನ ಗುರುತಿಲ್ಲ.
ಚಿಲ್ಲರಿ ಇಲ್ಲ ಅಂದ,
ಟಿಕೀಟಿನ ಹಿಂದ ಐದು ಅಂತ ಬರದು ಗೆರಿ ಎಳದ.
"ಇಳಿಯೋ ಮುಂದ ಕೇಳಜ್ಜಾ."

ಕೇಳಲಿಲ್ಲ.