ಅಲಗು ಎತ್ತುವ ಜಾಗ

ಬೆಳಗಿನ ಜಾವ ಮೂರೂವರೆ. ಹಿಮ ಗೋರುವ ಗಾಡಿಯೊಳಗೆ
ನಾನು, ಥರ್ಮಾಸು, ಕೆಮ್ಮುವ ರೇಡಿಯೋ.
ಕುರೊನುಮ ಸೇತುವೆ ದಾಟಿ, ಮರ ಕೊಯ್ಯುವ ಮಿಲ್ಲು ದಾಟಿ
ನೂರಾ ಹದಿನೇಳನೇ ಕಂಬದ ಹತ್ತಿರ
ಅಲಗು ಎತ್ತುತ್ತೇನೆ.

ಅಲ್ಲಿಂದ ಒಂದು ಕಿಲೋಮೀಟರು ಹಿನೊಕುಚಿ.
ನಮ್ಮ ಹೊಟ್ಟೆಯೊಳಗೇ ಇದೆ, ನಮ್ಮದಲ್ಲ.
ಬೀಗರ ಮನೆಯಲ್ಲಿ ಕೈ ಕಟ್ಟಿ ಕೂತವನ ಹಾಗೆ
ಅಲಗನ್ನು ಗಾಳಿಯಲ್ಲಿ ಹಿಡಿದು
ಮೊಣಕಾಲುದ್ದ ಹಿಮದಲ್ಲಿ ಚಕ್ರ ಉರುಳಿಸಿ
ನೂರಾ ನಲವತ್ತನೇ ಕಂಬ ಬಂದ ಮೇಲೆ ಇಳಿಸುತ್ತೇನೆ.
ಒಂದು ಕಂಬ ಮುಂಚೆ ಇಳಿಸಿದರೂ
ಕಚೇರಿಗೆ ವಿವರಣೆ ಬರೆಯಬೇಕು.

ಇದಕ್ಕೆಲ್ಲ ಕಾರಣ ಒಬ್ಬ ಡಾಕ್ಟರು.
ಅಜ್ಜನ ಕಾಲದಲ್ಲಿ, ಹಳ್ಳಿಗಳನ್ನು ಕಲಸಿ ಪಟ್ಟಣ ಮಾಡಿ
ಅಂತ ರಾಜಧಾನಿಯಿಂದ ಆಜ್ಞೆ ಬಂದಾಗ
ಹಿನೊಕುಚಿಯವರು ಶಾಲೆಯಲ್ಲಿ ಕೂತು ಚೀಟಿ ಹಾಕಿದರಂತೆ:
ಈ ಕಡೆಗೆ ಮೂವತ್ತೆಂಟು,
ಕಣಿವೆಯಾಚೆಯ ಹೊನೆಕಿಗೆ ನಲವತ್ತೊಂದು.
ಹೊನೆಕಿಯಲ್ಲಿ ಡಾಕ್ಟರಿದ್ದರು. ನಡುರಾತ್ರಿ ಕರೆದರೂ ಬರುವವರು,
ದುಡ್ಡಿಲ್ಲದವರ ಹತ್ತಿರ ಮೂಲಂಗಿ ತಗೊಳ್ಳುವವರು.
ಮರುವರ್ಷವೇ ತೀರಿಕೊಂಡರು.
ಗೆರೆ ಉಳಿಯಿತು.

ಆಮೇಲೆ ನಮ್ಮ ಸರದಿ. ಕುರೊನುಮ, ಅಸೆಗಾವ, ತೊಚಿಹಾರ
ಮೂರೂ ಸೇರಿ ಒಂದು ನಗರ. ಹೆಸರು ಸೂಚಿಸಿ ಕಾರ್ಡು ಹಾಕಿ ಎಂದರು.
ಗೆದ್ದದ್ದು ಮಿದೊರಿನೊ. ಹಸಿರು ಬಯಲು.
ವರ್ಷಕ್ಕೆ ಐದು ತಿಂಗಳು ಇಲ್ಲಿ ಹಸಿರಿಲ್ಲ,
ಬಯಲು ಅಂದರೆ ಶಾಲೆಯ ಮೈದಾನ, ಅದೂ ಓರೆ.
ನಾನು ಅಸೆಗಾವ ಅಂತಲೇ ಬರೆದಿದ್ದೆ. ನನ್ನ ಹೆಂಡತಿ ಬರೆದದ್ದೇನೋ
ಇವತ್ತಿಗೂ ಹೇಳಿಲ್ಲ.

ಅತ್ತ ಹೊನೆಕಿಯನ್ನು ಕಡಲತೀರದ ಕಸುಮಿತ್ಸು ನುಂಗಿತು.
ಹೀಗೆ ಹಿನೊಕುಚಿ, ಒಂದು ಅಲೆಯನ್ನೂ ಕಾಣದೆ,
ಬಂದರಿನ ಹನ್ನೆರಡನೇ ವಾರ್ಡಾಯಿತು.
ಚರಂಡಿಯ ಮುಚ್ಚಳದ ಮೇಲೆ ಈಗ ಕಡಲಮೀನು.
ಸುನಾಮಿ ಬಂದರೆ ಎತ್ತರಕ್ಕೆ ಓಡಿ ಎಂಬ ನಕ್ಷೆ
ಎಂಟುನೂರು ಮೀಟರು ಎತ್ತರದ ಮನೆಗಳಿಗೆ
ವರ್ಷವರ್ಷ ಬರುತ್ತದೆ.
ಹಿಮ ಗೋರುವ ಅವರ ಗಾಡಿ ಮಾತ್ರ, ಕಣಿವೆ ಸುತ್ತಿ,
ನಮ್ಮ ನೆಲದಲ್ಲಿ ಅಲಗು ಎತ್ತಿಕೊಂಡು,
ಮಧ್ಯಾಹ್ನಕ್ಕೆ ತಲುಪಿದರೆ ಪುಣ್ಯ.

ಕಳೆದ ಫೆಬ್ರವರಿಯಲ್ಲಿ, ನೂರಾ ಇಪ್ಪತ್ತೆರಡನೇ ಕಂಬ.
ತೋಫು ಮಾಡುವ ತೊಮೆಯೊ ದಾರಿ ಮಧ್ಯೆ ಮಂಡಿಯೂರಿದ್ದಳು.
ಜಾರುಬಂಡಿ ಮಗುಚಿತ್ತು.
ಗಾಡಿಯ ದೀಪದ ಬೆಳಕಿನಲ್ಲಿ
ಬಿಳಿಯೊಳಗೆ ಬಿಳಿ ಹುಡುಕುತ್ತಿದ್ದಳು,
ಬರಿಗೈಯಲ್ಲಿ, ಬಿಸಿ ಇದ್ದದ್ದು ತೋಫು, ಇಲ್ಲದ್ದು ಹಿಮ.
ಏಳು ಗಟ್ಟಿ ಸಿಕ್ಕಿದವು. ನನ್ನ ಕೈಗೆ ಎರಡು.

ಆಮೇಲೆ ಇಳಿಸಿದೆ. ಕೊನೆಯ ಮನೆಯವರೆಗೆ ಗೋರಿದೆ.
ಕಚೇರಿಗೆ ಬರೆದೆ: ಅಲಗು ಜಾರಿತು.
ಎಷ್ಟು ದೂರ ಎಂಬಲ್ಲಿ: ಒಂದು ಕಿಲೋಮೀಟರು.
ಮುದ್ರೆ ಒತ್ತಿ ಫೈಲಿಗೆ ಹಾಕಿದರು.

ವಾರ ಕಳೆದು ಒಂದು ಕಾರ್ಡು ಬಂತು.
ವಿಳಾಸ: ಅಸೆಗಾವ ಪಟ್ಟಣ, ಹಿಮ ಗೋರುವವರಿಗೆ.
ಇಲ್ಲದ ಊರಿಗೆ ಎರಡೇ ದಿನದಲ್ಲಿ ತಲುಪಿತ್ತು.
ಒಳಗೆ ಒಂದೇ ಸಾಲು:
ಕಂಬಕ್ಕೆ ಮೂಲಂಗಿ ಕಟ್ಟಿದ್ದೇನೆ, ಒಯ್ಯಿರಿ.

ಯಾವ ಕಂಬಕ್ಕೆ ಅಂತ
ಬರೆದಿರಲಿಲ್ಲ.